ರೋಗದ ಪಟ್ಟಿಯಿಂದ ಹೊರಗೆ ಬಂತು, ಪಾಠದ ಒಳಗೆ ಬರಲಿಲ್ಲ

ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಒಪ್ಪದವರು ಪಟ್ಟು ಹಿಡಿದು ಮರುವರ್ಷ ಅದನ್ನು ಸದಸ್ಯರ ಮತಕ್ಕೇ ಹಾಕಿಸಿದರು. ಶೇ 58ರಷ್ಟು ಮಂದಿ ತೆಗೆದದ್ದೇ ಸರಿ ಅಂದರು. ಅಲ್ಲಿಗೆ ವಿಷಯ ಮುಗಿಯಬೇಕಿತ್ತು, ಅಲ್ವಾ? ಮನೆಮಂದಿಯನ್ನು ಒಟ್ಟಿಗೆ ಕೂರಿಸಿ ಚಿಕಿತ್ಸೆ ಕೊಡುವ ಫ್ಯಾಮಿಲಿ ಥೆರಪಿಸ್ಟ್‌ಗಳನ್ನು ತಯಾರು ಮಾಡುವ ಕ್ಲಾಸ್‌ರೂಮುಗಳಿಗೆ ಮಾತ್ರ ಈ ಸುದ್ದಿ ನಿಧಾನಕ್ಕೆ ತಲುಪಿತು.

ಹಳೆಯ ಪಾಠ ಅಷ್ಟು ಗಟ್ಟಿಯಾಗಿತ್ತು. 1962ರಲ್ಲಿ ಮನೋವೈದ್ಯ ಇರ್ವಿಂಗ್ ಬೀಬರ್ ಮತ್ತು ಸಂಗಡಿಗರು, ಮಗ ಗೇ ಆಗಲು ಬಿಗಿಯಾಗಿ ಹಿಡಿದಿಟ್ಟ ತಾಯಿ ಮತ್ತು ದೂರವೇ ಉಳಿದ ತಂದೆ ಕಾರಣ ಎಂದು ಬರೆದಿದ್ದರು. ಅವರು ನೋಡಿದ್ದು ಚಿಕಿತ್ಸೆಗೆ ಬಂದವರನ್ನಷ್ಟೇ! ಅದಕ್ಕೂ ಮುಂಚೆ, 1957ರಲ್ಲೇ, ಚಿಕಿತ್ಸೆ ಪಡೆಯದ 30 ಗೇ ಗಂಡಸರು ಮತ್ತು 30 ಇತರ ಗಂಡಸರ ಮನೋಪರೀಕ್ಷೆಗಳನ್ನು ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್, ಹೆಸರು ಮುಚ್ಚಿ, ತಜ್ಞರ ಮುಂದಿಟ್ಟಿದ್ದರು. ಯಾರು ಗೇ, ಯಾರು ಅಲ್ಲ ಅಂತ ಗುರುತಿಸಲು ತಜ್ಞರಿಗೆ ಆಗಲಿಲ್ಲ.

ಆಮೇಲಿನ ಮೌನ ಇನ್ನೂ ದೊಡ್ಡದು. 1975ರಿಂದ 1995ರವರೆಗೆ ಫ್ಯಾಮಿಲಿ ಥೆರಪಿ ಕ್ಷೇತ್ರದ 17 ಪತ್ರಿಕೆಗಳಲ್ಲಿ ಬಂದ 13,217 ಲೇಖನಗಳನ್ನು ಇಬ್ಬರು ಸಂಶೋಧಕರು ಕೂತು ಎಣಿಸಿದರು. ಲೆಸ್ಬಿಯನ್, ಗೇ, ಬೈಸೆಕ್ಷುಯಲ್ (ಗಂಡು ಹೆಣ್ಣು ಇಬ್ಬರತ್ತಲೂ ಒಲವಿರುವ) ಜನರ ಬಗ್ಗೆ ಇದ್ದದ್ದು ಬರೀ 77. ನೂರಕ್ಕೆ ಒಂದೂ ಇಲ್ಲ. ಇಂಥ ಕ್ಲೈಂಟ್‌ಗಳು ಬಂದರೆ ನಿಭಾಯಿಸುವಷ್ಟು ತಯಾರಿ ತಮಗಿಲ್ಲ ಎಂದು 1996ರ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಥೆರಪಿಸ್ಟ್‌ಗಳು ಹೇಳಿದ್ದರಲ್ಲಿ ಆಶ್ಚರ್ಯ ಏನಿದೆ? 2010ರಲ್ಲಿ ಈ ಕ್ಷೇತ್ರದ 190 ವಿದ್ಯಾರ್ಥಿಗಳನ್ನು ಕೇಳಿದಾಗಲೂ ಶೇ 60ಕ್ಕಿಂತ ಜಾಸ್ತಿ ಮಂದಿಗೆ ಇಂಥ ಕ್ಲೈಂಟ್‌ಗಳನ್ನು ನಿಭಾಯಿಸುವ ತರಬೇತಿ ಸಿಕ್ಕಿರಲಿಲ್ಲ.

ಥೆರಪಿಸ್ಟ್‌ಗಳು ಎಡವೋದು ಸಣ್ಣ ಜಾಗಗಳಲ್ಲೇ. ಮೊದಲ ದಿನದ ಫಾರ್ಮ್‌ನಲ್ಲಿ 'ಗಂಡನ ಹೆಸರು' ಅಂತ ಖಾಲಿ ಜಾಗ ಇದ್ದರೆ, ಹೆಣ್ಣು ಸಂಗಾತಿಯ ಕೈ ಹಿಡಿದು ಬಂದ ಹೆಂಗಸು ಏನು ಬರೆಯಬೇಕು? ಗಂಡನ ಜೊತೆ ಬಂದ ಹೆಂಗಸು ಬೈಸೆಕ್ಷುಯಲ್ ಆಗಿರಬಹುದು ಅನ್ನೋದು ಎಷ್ಟೋ ಸಲ ಎದುರು ಕೂತವರ ತಲೆಗೇ ಹೊಳೆಯೋದಿಲ್ಲ.

ಇನ್ನೂ ಕಷ್ಟದ್ದು ಗೇ ಮಗನನ್ನು ಕರೆತಂದ ಅಪ್ಪ ಅಮ್ಮನ ಕೋರಿಕೆ: "ಇವನನ್ನು ಸರಿ ಮಾಡಿಕೊಡಿ." ಹಾಗೆ ಬದಲಾಯಿಸಬಹುದು ಎನ್ನಲು ಸರಿಯಾದ ಆಧಾರವಿಲ್ಲ, ಪ್ರಯತ್ನವೇ ಹಾನಿ ಮಾಡಬಹುದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಮಿತಿ 2009ರಲ್ಲಿ ಹೇಳಿತು. ಆದರೆ ಒಬ್ಬರೇ ಬಂದ ಕ್ಲೈಂಟ್‌ಗೆ ಹೇಳಿದಂತೆ ಸುಮ್ನೆ 'ಆಗಲ್ಲ' ಅಂದುಬಿಟ್ಟರೆ ಅಪ್ಪ ಎದ್ದು ಹೋಗುತ್ತಾನೆ, ಮಗನನ್ನೂ ಎಳೆದುಕೊಂಡು. ಮಗನ ಪರ ನಿಂತುಕೊಂಡೇ ಅಪ್ಪನ ಭಯವನ್ನೂ ಕೇಳಿಸಿಕೊಳ್ಳೋದನ್ನು ಪುಸ್ತಕ ಓದಿ ಕಲಿಯೋಕಾಗಲ್ಲ. ಅನುಭವ ಇರುವವರ ಮುಂದೆ, ತಪ್ಪಿದಲ್ಲಿ ತಡೆಸಿಕೊಂಡು, ಮತ್ತೆ ಮತ್ತೆ ಮಾಡಿ ನೋಡಬೇಕು.