ಬೆಣ್ಣೆ ಕಾಯಿಸಿದರೆ ಅರ್ಧ ನೀರು: ಮಾರಿದವರಿಗೆ ಜೈಲಾಗುತ್ತದೆಯೇ?

ಓದುಗರ ಪ್ರಶ್ನೆ: ಅಷ್ಟಮಿ ಚಕ್ಕುಲಿಗೆಂದು ಉಡುಪಿಯ ಅಂಗಡಿಯೊಂದರಿಂದ ಬಿಡಿ ಬೆಣ್ಣೆ ತಂದಿದ್ದೆ. ಉಳಿದದ್ದರಲ್ಲಿ ಅರ್ಧ ಕೆ.ಜಿ. ಕಾಯಿಸಿದರೆ ಸಿಕ್ಕಿದ ತುಪ್ಪ ಕಾಲು ಕೆ.ಜಿ. ಮಾತ್ರ. ದೂರು ಕೊಟ್ಟರೆ ಮಾರಿದವರಿಗೆ ಜೈಲಾಗುತ್ತದೆಯೇ?

ನೀರು ಸೇರಿಸಿದ್ದಕ್ಕೆ ಜೈಲಿಲ್ಲ, ದಂಡ ಉಂಟು. ಆ ದಂಡವೇನೂ ಚಿಲ್ಲರೆ ಕಾಸಲ್ಲ.

ಮೊದಲು ನಿಮ್ಮ ಲೆಕ್ಕ ನೋಡೋಣ. ನಮ್ಮ ನಿಯಮದ ಪ್ರಕಾರ ಬಿಳಿ ಬೆಣ್ಣೆಯಲ್ಲಿ, ಅಂದರೆ ಅಡುಗೆ ಬೆಣ್ಣೆಯಲ್ಲಿ, ಹಾಲಿನ ಕೊಬ್ಬು ಕನಿಷ್ಠ ಶೇ 76 ಇರಬೇಕು. ಬ್ರೆಡ್ಡಿಗೆ ಸವರುವ ಟೇಬಲ್ ಬೆಣ್ಣೆಗೆ ಕನಿಷ್ಠ ಶೇ 80, ನೀರು ಶೇ 16 ದಾಟುವಂತಿಲ್ಲ. (ಅಮೆರಿಕದ ಸಂಸತ್ತು 1923ರಲ್ಲೇ ಬೆಣ್ಣೆಗೆ ಇದೇ 80ರ ಗೆರೆ ಎಳೆದಿತ್ತು. ಬೆಣ್ಣೆಗೆ ನೀರು ಕುಡಿಸುವ ಚಾಳಿ ನಮ್ಮೂರಿನದ್ದು ಮಾತ್ರ ಅಲ್ಲ.) ಅರ್ಧ ಕೆ.ಜಿ. ಅಡುಗೆ ಬೆಣ್ಣೆಯಿಂದ 370 ಗ್ರಾಂ ಆಸುಪಾಸು ತುಪ್ಪ ಇಳಿಯಬೇಕು. ತಳದ ಗಸಿಯಲ್ಲಿ ಸ್ವಲ್ಪ ಹೋಯಿತೆಂದರೂ 250 ತೀರಾ ಕಡಿಮೆ. ಕಡೆಗೋಲು ಹಿಡಿದ ಕೃಷ್ಣನ ಊರಲ್ಲಿ ಹೀಗೆ!

ಇನ್ನು ಕಾನೂನು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಅದಕ್ಕೆ ಮೊದಲಿದ್ದದ್ದು 1954ರ ಕಲಬೆರಕೆ ತಡೆ ಕಾಯ್ದೆ. ಈಗಿನ ಕಾಯ್ದೆ ‘ಕಳಪೆ’ಯನ್ನೂ ‘ಅಸುರಕ್ಷಿತ’ವನ್ನೂ ಬೇರೆ ಬೇರೆ ಇಟ್ಟಿದೆ. ಕೊಬ್ಬು ಕಡಿಮೆ, ನೀರು ಹೆಚ್ಚು ಎಂದರೆ ಅದು ಕಳಪೆ. 51ನೇ ಕಲಮಿನಡಿ 5 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಇಂಥ ಪ್ರಕರಣ ಕೋರ್ಟಿಗಲ್ಲ, ಅಪರ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿಯ ಮುಂದೆ ಬರುತ್ತದೆ. ನಿಮ್ಮ ಜಿಲ್ಲೆಯಲ್ಲಾದರೆ ಮಣಿಪಾಲದ ರಜತಾದ್ರಿಯಲ್ಲಿ, ಅಂದರೆ ಜಿಲ್ಲಾಧಿಕಾರಿ ಕಚೇರಿಯ ಸಂಕೀರ್ಣದಲ್ಲಿ. ಬೆಣ್ಣೆಯಲ್ಲಿ ಆರೋಗ್ಯಕ್ಕೆ ಹಾನಿ ಮಾಡುವಂಥದ್ದು ಇದೆಯೆಂದು ವರದಿ ಬಂದರೆ ಮಾತ್ರ ಜೈಲಿನ ಮಾತು. ತಿಂದವರ ಜೀವವೇ ಹೋದರೆ ಜೀವಾವಧಿಯವರೆಗೂ ಶಿಕ್ಷೆ ಆಗಬಹುದು.

ಇಷ್ಟೆಲ್ಲ ಇದ್ದರೂ ನಿಮ್ಮ ಡಬ್ಬಿಯಲ್ಲಿ ಉಳಿದಿರುವ ಬೆಣ್ಣೆಯ ಮೇಲೆ ಕೇಸು ನಿಲ್ಲುವುದು ಕಷ್ಟ. ಮನೆಗೆ ತಂದ ಮೇಲೆ ನೀವೇ ನೀರು ಹಾಕಿಲ್ಲ ಎನ್ನಲು ಏನು ಪುರಾವೆ? ಮಾರಿದವರ ಪರ ವಕೀಲರು ಕೇಳುವ ಮೊದಲ ಪ್ರಶ್ನೆ ಅದೇ. ಅದಕ್ಕೇ ಆಹಾರ ಸುರಕ್ಷತಾಧಿಕಾರಿ ಅಂಗಡಿಗೇ ಹೋಗಿ, ಸಾಕ್ಷಿಗಳನ್ನು ಕರೆದು, ಬೆಣ್ಣೆಗೆ ದುಡ್ಡು ಕೊಟ್ಟು ಮಾದರಿ ತೆಗೆಯುತ್ತಾರೆ. ಅದನ್ನು ನಾಲ್ಕು ಪಾಲು ಮಾಡಿ ಸೀಲ್ ಹಾಕುತ್ತಾರೆ. ಒಂದು ಪಾಲು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಯ, ಅಂದರೆ ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿಯ, ವಶಕ್ಕೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸಿ ಎಂದು ಅಂಗಡಿಯವರು ಕೇಳಬಹುದು. ವರದಿಗೆ 14 ದಿನ. ಅದು ಒಪ್ಪಿಗೆಯಾಗದಿದ್ದರೆ ಮಾರಿದವರಿಗೆ ಮೇಲ್ಮನವಿ ಹಾಕಲು 30 ದಿನ. ನಿಧಾನವೇ, ಆದರೆ ಮುಂದಿನ ವಿಚಾರಣೆ ನಿಲ್ಲುವುದೇ ಆ ಸೀಲಿನ ಮೇಲೆ.

ಅಧಿಕಾರಿಯನ್ನು ಕಾಯದೆಯೂ ಒಂದು ದಾರಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. 40ನೇ ಕಲಮಿನಡಿ ಗ್ರಾಹಕರೇ ಶುಲ್ಕ ಕಟ್ಟಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಶುಲ್ಕ ವಾಪಸು, ವರದಿ ಅಂಕಿತಾಧಿಕಾರಿಗೂ ಹೋಗುತ್ತದೆ. ಒಂದೇ ಷರತ್ತು: ಕೊಳ್ಳುವಾಗಲೇ ‘ಇದನ್ನು ಪರೀಕ್ಷೆಗೆ ಕಳಿಸುತ್ತೇನೆ’ ಎಂದು ಅಂಗಡಿಯವರಿಗೆ ತಿಳಿಸಿರಬೇಕು. ಹಾಗೆ ಹೇಳಿದ ಮೇಲೆ ಅವರು ಯಾವ ಬೆಣ್ಣೆ ತೂಗಿ ಕೊಡುತ್ತಾರೋ, ಆ ಅನುಮಾನ ನನಗೂ ಉಂಟು. ನಿಮ್ಮ ಪ್ರಕರಣಕ್ಕೆ ಅಧಿಕಾರಿಗೆ ದೂರು ಕೊಡುವುದೇ ವಾಸಿ. ಬಿಲ್ ಇದ್ದರೆ ಎತ್ತಿಡಿ.

ಬೆಣ್ಣೆಗೆ ವನಸ್ಪತಿ (ಡಾಲ್ಡಾದಂಥ ಗಟ್ಟಿ ಎಣ್ಣೆ) ಬೆರೆತಿದೆಯೇ ನೋಡಲು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸಕ್ಕರೆ ಹಾಕುವ ವಿಡಿಯೊಗಳು ಓಡಾಡುತ್ತವೆ. ವನಸ್ಪತಿಗೆ ಕಡ್ಡಾಯವಾಗಿ ಸೇರಿಸುವ ಎಳ್ಳೆಣ್ಣೆಯಿಂದಾಗಿ ಕೆಂಪು ಬಣ್ಣ ಬರುವುದು ನಿಜ. ಆದರೆ ಎಳ್ಳೆಣ್ಣೆ ಸೇರದ ಬರೀ ತಾಳೆ ಎಣ್ಣೆ ಬೆರೆಸಿದ್ದರೆ ಅಲ್ಲಿ ಬಣ್ಣವೇ ಏಳುವುದಿಲ್ಲ. ಅಡುಗೆಮನೆಗೆ ಆ ಆಮ್ಲ ತರಬೇಡಿ, ನೀರಿನ ಲೆಕ್ಕ ಹಿಡಿಯಲು ತಕ್ಕಡಿ ಸಾಕು.