‘ಹೂಂ’ ಅಂದರೆ ಅರ್ಥ ಆಯ್ತು ಅಂತಲ್ಲ

“ಈ ರಿಪೋರ್ಟ್ ಒಂದ್ಸಲ ನೋಡ್ಬಿಡಿ.” ಹೊಸದಾಗಿ ಸೇರಿದ್ದ ಸಹೋದ್ಯೋಗಿಗೆ ಇಷ್ಟೇ ಹೇಳಿದ್ದೆ. “ಹೂಂ ಸಾರ್” ಅಂದರು. ಸಂಜೆ ಬಂದು, “ನೋಡಿದೆ ಸಾರ್, ಚೆನ್ನಾಗಿದೆ” ಅಂದರು. ನನಗೆ ಬೇಕಿದ್ದದ್ದು ಅದರೊಳಗಿನ ಲೆಕ್ಕ ತಾಳೆ ನೋಡುವುದು. ತಪ್ಪು ಅವರದಲ್ಲ. ಓದುವುದು, ತಿದ್ದುವುದು, ಒಪ್ಪಿಗೆ ಕೊಡುವುದು ಎಲ್ಲಕ್ಕೂ ನಾವು ‘ನೋಡಿ’ ಅಂತಲೇ ಹೇಳುತ್ತೇವೆ, ಅಲ್ವಾ? ಯಾವ ‘ನೋಡಿ’ ಅನ್ನುವುದು ನನ್ನ ತಲೆಯಲ್ಲಷ್ಟೇ ಇತ್ತು.

1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ತಟ್ಟಬೇಕು. ಇನ್ನೊಬ್ಬರು ಅದು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟಾದರೂ ಗುರುತು ಸಿಗುತ್ತದೆ ಅಂತ ತಟ್ಟುವವರು ನಂಬಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3 ಮಾತ್ರ! ತಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್. ಕೆಲಸ ಹೇಳುವಾಗ ಆಗುವುದೂ ಇದೇ.

ಹೇಳುವವರ ಕಡೆಯ ತೊಂದರೆ ಇದು. ‘ಹೂಂ’ನದ್ದು ಇನ್ನೊಂದು. ಕೇಳಿಸಿತು ಅನ್ನುವುದಕ್ಕೂ ಹೂಂ, ಒಪ್ಪಿದೆ ಅನ್ನುವುದಕ್ಕೂ ಹೂಂ.

1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ನೆದರ್ಲೆಂಡ್ಸ್‌ನ ಕೆಎಲ್ಎಂ ಕಂಪನಿಯ ವಿಮಾನದಿಂದ ಟೇಕಾಫ್ ಬಗ್ಗೆ ಎರಡರ್ಥ ಬರುವ ಒಂದು ಮಾತು ಬಂತು. ನಿಲ್ದಾಣದ ಕಂಟ್ರೋಲ್ ಟವರ್‌ನವರು ಮೊದಲು “ಓಕೆ” ಅಂದರು, ಆಮೇಲೆ ‘ಕಾಯಿರಿ, ಕರೆಯುತ್ತೇನೆ’ ಅಂದರು. ಅದೇ ಕ್ಷಣ, ಅದೇ ರನ್‌ವೇ ಮೇಲಿದ್ದ ಅಮೆರಿಕದ ಪ್ಯಾನ್ ಆಮ್ ವಿಮಾನದವರೂ ರೇಡಿಯೋದಲ್ಲಿ ಮಾತಾಡಿದರು. ಎರಡೂ ದನಿ ಕಲೆತು ಕೀರಲು ಸದ್ದಾಯಿತು. ಕೆಎಲ್ಎಂ ಪೈಲಟ್‌ಗಳಿಗೆ ಸ್ಪಷ್ಟವಾಗಿ ಕೇಳಿದ್ದು “ಓಕೆ” ಮಾತ್ರ. ಎರಡು ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು.

ಈ ದುರಂತದ ಬಳಿಕ ವಿಮಾನಯಾನದ ಮಾತಿನ ನಿಯಮ ಬಿಗಿಯಾಯಿತು. ಸುಮ್ನೆ ಓಕೆ ಅಂದರೆ ಸಾಲದು. ಪೈಲಟ್ ತನಗೆ ಬಂದ ಸೂಚನೆಯನ್ನು ತಿರುಗಿ ಹೇಳಬೇಕು.

ಆ ದಿನ ಕೆಎಲ್ಎಂ ವಿಮಾನದೊಳಗೆ ಇನ್ನೊಂದು ಸಂಗತಿಯೂ ನಡೆದಿತ್ತು. ನನ್ನನ್ನು ಜಾಸ್ತಿ ಕಾಡುವುದು ಅದೇ. ಪ್ಯಾನ್ ಆಮ್ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಅಂತ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಬಿಟ್ಟಿದೆ ಅಂತ ಹಿರಿಯ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಎಂಜಿನಿಯರ್ ಸುಮ್ಮನಾದರು. ದೊಡ್ಡವರನ್ನು ತಿರುಗಿ ಕೇಳುವುದು ನಮ್ಮ ಆಫೀಸುಗಳಲ್ಲೂ ಕಷ್ಟವೇ. ಹಾಗಾಗಿ ಆ ಬಾಗಿಲು ತೆರೆಯಬೇಕಾದವರು ಕೆಲಸ ಹೇಳುವವರು. “ಅರ್ಥ ಆಯ್ತಾ?” ಅಂತ ನಾನೀಗ ಕೇಳುವುದಿಲ್ಲ. “ನಾನು ಏನಾದ್ರೂ ಬಿಟ್ಟೆನಾ? ಏನ್ ಮಾಡ್ತೀರಿ ಅಂತ ಒಂದ್ಸಲ ಹೇಳಿ” ಅನ್ನುತ್ತೇನೆ.

ಮೊನ್ನೆ ಅದೇ ಸಹೋದ್ಯೋಗಿ ಫೈಲ್ ಕೈಗೆ ತೆಗೆದುಕೊಳ್ಳುತ್ತಲೇ ಕೇಳಿದರು: “ಲೆಕ್ಕ ಮಾತ್ರ ನೋಡ್ಲಾ ಸಾರ್, ಭಾಷೆನೂ ತಿದ್ಲಾ?”