ವಸಾಹತಿನ ಆಸೆ ಮೊದಲು, ಊರು ಯಾವುದೆಂದು ಆಮೇಲೆ: ಕಾಂಗೋ ಒಬ್ಬ ದೊರೆಯ ಸೊತ್ತಾದದ್ದು ಹೇಗೆ?

1860ರಲ್ಲಿ ಬೆಲ್ಜಿಯಂನ ಯುವರಾಜ ಲಿಯೋಪೋಲ್ಡ್ ಗ್ರೀಸ್ ನೋಡಿಕೊಂಡು ಬಂದ. ತನ್ನ ದೇಶದ ಹಣಕಾಸು ಮಂತ್ರಿಗೆ ಒಂದು ಉಡುಗೊರೆಯನ್ನೂ ತಂದ. ಅಥೆನ್ಸ್‌ನ ಪಾಳು ಗುಡಿಗಳ ಜಾಗದಿಂದ ಎತ್ತಿಕೊಂಡು ಬಂದ ಅಮೃತಶಿಲೆಯ ತುಂಡು ಅದು. ಅದರ ಮೇಲೆ 'ಬೆಲ್ಜಿಯಂಗೆ ಒಂದು ವಸಾಹತು ಬೇಕು' ಎಂದು ಕೆತ್ತಿಸಿದ್ದ. ಎಲ್ಲಿ ಎಂಬ ಮಾತೇ ಇರಲಿಲ್ಲ.

ಯುರೋಪಿನವರು ವಸಾಹತು ಹಿಡಿದದ್ದೇಕೆ ಎಂದು ಕೇಳಿದರೆ ಶಾಲೆಯಲ್ಲಿ ಓದಿದ ಉತ್ತರ ಬಾಯಿಗೆ ಬರುತ್ತದೆ. ಕಚ್ಚಾ ಮಾಲು, ಮಾರುಕಟ್ಟೆ, ಧರ್ಮ ಪ್ರಚಾರ, ಪ್ರತಿಷ್ಠೆ. ನಾಲ್ಕು ಅಂಕಕ್ಕೆ ನಾಲ್ಕು ಅಂಶ. ತಪ್ಪೇನಲ್ಲ. ಆದರೆ ಈ ನಾಲ್ಕೂ ಒಬ್ಬನ ತಲೆಯಲ್ಲೇ ಇರಬೇಕೆಂದಿಲ್ಲ. ಮಧ್ಯ ಆಫ್ರಿಕಾದ ಕಾಂಗೋ ವಿಷಯದಲ್ಲಿ ಒಬ್ಬನಿಗೆ ಬೇಕಿದ್ದದ್ದು ದುಡ್ಡು. ಉಳಿದವರಲ್ಲಿ ಕೆಲವರಿಗೆ ಪಕ್ಕದವನ ಭಯ, ಇನ್ನು ಕೆಲವರಿಗೆ ನಿಜವಾದ ಕನಿಕರ. ಇಷ್ಟು ಸಾಕಾಯಿತು.

ಲಿಯೋಪೋಲ್ಡ್‌ಗೆ ಹೊಟ್ಟೆಕಿಚ್ಚು ಹುಟ್ಟಿಸಿದ್ದು ಪಕ್ಕದ ಹಾಲೆಂಡ್. 1830ರಿಂದ ಡಚ್ಚರು ಜಾವಾ ದ್ವೀಪದ ರೈತರಿಂದ ಬಲವಂತವಾಗಿ ಕಾಫಿ, ಕಬ್ಬು, ನೀಲಿ ಬೆಳೆಸುತ್ತಿದ್ದರು. ಒಂದು ಹಂತದಲ್ಲಿ ಹಾಲೆಂಡ್ ಸರ್ಕಾರದ ಆದಾಯದ ಸುಮಾರು ಮೂರನೇ ಒಂದು ಪಾಲು ಅಲ್ಲಿಂದಲೇ ಬರುತ್ತಿತ್ತು. 1862ರಲ್ಲಿ ಲಿಯೋಪೋಲ್ಡ್ ಸ್ಪೇನಿನ ಸೆವಿಲ್ ನಗರಕ್ಕೆ ಹೋಗಿ, ಸ್ಪೇನ್ ತನ್ನ ವಸಾಹತುಗಳಿಂದ ಎಷ್ಟು ಬಾಚಿತು ಎಂಬ ಲೆಕ್ಕವನ್ನು ಹಳೆಯ ದಫ್ತರಗಳಲ್ಲಿ ಹುಡುಕುತ್ತಾ ಕೂತ. 1865ರಲ್ಲಿ ದೊರೆಯಾದ ಮೇಲೆ ಫಿಲಿಪ್ಪೀನ್ಸ್‌ಗೂ ಕೈ ಹಾಕಿ ನೋಡಿದ. ಆಗಲಿಲ್ಲ. ಅವನ ಸಂಸತ್ತಿಗೂ ಈ ಹುಚ್ಚಿನಲ್ಲಿ ಆಸಕ್ತಿ ಇರಲಿಲ್ಲ. ಕೊನೆಗೆ ಕಣ್ಣು ಬಿದ್ದದ್ದು ಆಫ್ರಿಕಾದ ಮೇಲೆ, ಅಲ್ಲಿ ಇನ್ನೂ ಬೇರೆ ಯುರೋಪಿಯನ್ನರ ಕೈ ಸೇರದ ನೆಲ ಉಳಿದಿತ್ತು ಅಂತ.

'ನನಗೆ ದುಡ್ಡು ಬೇಕು' ಎಂದು ಹೇಳಿಕೊಂಡು ಹೋಗಲಾಗುತ್ತದೆಯೇ? 1876ರ ಸೆಪ್ಟೆಂಬರ್‌ನಲ್ಲಿ ಅವನು ಬ್ರಸೆಲ್ಸ್ ಅರಮನೆಗೆ ಭೂಗೋಳ ತಜ್ಞರನ್ನು, ಆಫ್ರಿಕಾ ಸುತ್ತಿದವರನ್ನು ಕರೆಸಿದ. ಗುಲಾಮರ ವ್ಯಾಪಾರ ನಿಲ್ಲಿಸಬೇಕು, ವಿಜ್ಞಾನ ಹರಡಬೇಕು ಎಂದ. ಇದೆಲ್ಲ ಬರೀ ನಾಟಕ ಎಂದು ತಳ್ಳಿಹಾಕುವುದು ಸುಲಭ. ಅವನ ಮಟ್ಟಿಗೆ ಹೌದು. ಆದರೆ ಪೂರ್ವ ಆಫ್ರಿಕಾದಲ್ಲಿ ಗುಲಾಮರ ವ್ಯಾಪಾರ ನಿಜಕ್ಕೂ ನಡೆಯುತ್ತಿತ್ತು, ಅದನ್ನು ಕೇಳಿ ಯುರೋಪಿನ ಸಾಮಾನ್ಯ ಜನರಿಗೆ ಬಂದ ಸಿಟ್ಟೂ ನಿಜ. ಆ ಸಿಟ್ಟನ್ನೇ ಅವನು ಬಂಡವಾಳ ಮಾಡಿಕೊಂಡ. ಮರುವರ್ಷ ಲಂಡನ್ನಿನಲ್ಲಿದ್ದ ತನ್ನ ರಾಯಭಾರಿಗೆ ಬರೆದ ಪತ್ರದಲ್ಲಿ ಮಾತ್ರ ಮುಚ್ಚುಮರೆಯಿಲ್ಲ. ಈ ಭರ್ಜರಿ ಆಫ್ರಿಕನ್ ಕೇಕಿನಲ್ಲಿ ಒಂದು ತುಂಡು ಗಿಟ್ಟಿಸುವ ಅವಕಾಶ ಬಿಡಬಾರದು ಎಂದಿದ್ದ.

ಅದೇ 1877ರಲ್ಲಿ ಪತ್ರಕರ್ತ, ಅನ್ವೇಷಕ ಹೆನ್ರಿ ಸ್ಟ್ಯಾನ್ಲಿ ಕಾಂಗೋ ನದಿ ಹಿಡಿದು ಆಫ್ರಿಕಾದ ಪಶ್ಚಿಮ ಕರಾವಳಿ ತಲುಪಿದ. ಲಿಯೋಪೋಲ್ಡ್ ಅವನನ್ನು ಕೆಲಸಕ್ಕೆ ಇಟ್ಟುಕೊಂಡ. ಮುಂದಿನ ಐದು ವರ್ಷ ಸ್ಟ್ಯಾನ್ಲಿ ಮತ್ತು ಅವನ ಕಡೆಯವರು ನದಿಯುದ್ದಕ್ಕೂ ಠಾಣೆ ಹಾಕುತ್ತಾ, ಊರ ಮುಖಂಡರಿಂದ ಕರಾರುಗಳಿಗೆ ಗುರುತು ಹಾಕಿಸಿಕೊಳ್ಳುತ್ತಾ ಹೋದರು. 1884ರ ಒಂದು ಕರಾರಿನಲ್ಲಿ ನ್ಗೊಂಬಿ ಮತ್ತು ಮಫೇಲಾದ ಮುಖಂಡರು ನೆಲದ ಒಡೆತನವನ್ನೂ ಜನರ ದುಡಿಮೆಯನ್ನೂ ಬರೆದುಕೊಟ್ಟಿದ್ದಾರೆ. ಬದಲಿಗೆ ಸಿಕ್ಕಿದ್ದು ತಿಂಗಳಿಗೆ ತಲಾ ಒಂದು ತುಂಡು ಬಟ್ಟೆ. ಆ ಕಾಗದದಲ್ಲಿ ಏನಿದೆ ಎಂದು ಓದಲು ಅವರಿಗೆ ಬರುತ್ತಿರಲಿಲ್ಲ.

ಆಸೆ ಹಳೆಯದು, ದಾರಿ ಹೊಸದು ಎಂಬುದನ್ನೂ ಮರೆಯಬಾರದು. ಪೋರ್ಚುಗೀಸರು 1480ರ ದಶಕದಲ್ಲೇ ಕಾಂಗೋ ನದಿಯ ಬಾಯಿಗೆ ಬಂದಿದ್ದರು. ಒಳನಾಡಿಗೆ ಹೋಗಲು ಮಲೇರಿಯಾ ಬಿಡಲಿಲ್ಲ. 19ನೇ ಶತಮಾನದಲ್ಲಿ ಮಲೇರಿಯಾಕ್ಕೆ ಮದ್ದಾದ ಕ್ವಿನೈನ್, ಉಗಿ ದೋಣಿ, ಬೇಗ ಬೇಗ ಗುಂಡು ತುಂಬುವ ಬಂದೂಕು ಮೂರೂ ಜೊತೆಯಾದ ಮೇಲೆ ಲೆಕ್ಕವೇ ಬದಲಾಯಿತು.

ಬೇರೆ ದೊಡ್ಡ ದೇಶಗಳು ಇದಕ್ಕೆ ಒಪ್ಪಿದ್ದಾದರೂ ಯಾಕೆ? ನನಗೆ ಇಡೀ ಕಥೆಯಲ್ಲಿ ಜಾಸ್ತಿ ಕುತೂಹಲ ಇರುವುದು ಇಲ್ಲೇ. 1870ರ ದಶಕದ ಆರ್ಥಿಕ ಕುಸಿತದ ನಂತರ ಯುರೋಪಿನ ಹಲವು ದೇಶಗಳು ಆಮದು ಸುಂಕ ಏರಿಸತೊಡಗಿದ್ದವು. ಫ್ರಾನ್ಸ್ ಹಿಡಿದ ನೆಲದಲ್ಲಿ ತಮ್ಮ ಮಾಲಿಗೆ ಬಾಗಿಲು ಮುಚ್ಚುತ್ತದೆ ಎಂದು ಇಂಗ್ಲಿಷ್ ವ್ಯಾಪಾರಿಗಳಿಗೆ ಹೆದರಿಕೆ. ಲಿಯೋಪೋಲ್ಡ್ ಎಲ್ಲರಿಗೂ ಮುಕ್ತ ವ್ಯಾಪಾರದ ಮಾತು ಕೊಟ್ಟ. ಅಮೆರಿಕದವರ ಮುಂದೆ ಬಿಡುಗಡೆಯಾದ ಗುಲಾಮರ ಗಣರಾಜ್ಯದ ಚಿತ್ರ ಬಿಡಿಸಿದ. 1884ರ ಏಪ್ರಿಲ್‌ನಲ್ಲಿ ಕಾಂಗೋ ಕೆಲಸಕ್ಕೆಂದು ಅವನು ಕಟ್ಟಿಕೊಂಡಿದ್ದ ಸಂಘದ ಹಕ್ಕನ್ನು ಅಮೆರಿಕ ಮಾನ್ಯ ಮಾಡಿತು. ಅದೇ ಹೊತ್ತಿಗೆ ಫ್ರಾನ್ಸ್‌ಗೆ ಇನ್ನೊಂದು ಮಾತು ಕೊಟ್ಟ: ನಾನು ಕಾಂಗೋ ಮಾರುವ ಪರಿಸ್ಥಿತಿ ಬಂದರೆ ಮೊದಲ ಹಕ್ಕು ನಿಮ್ಮದು. ಫ್ರಾನ್ಸ್ ಸುಮ್ಮನಾಯಿತು. ಉಳಿದವರಿಗೆ ಹೊಸ ಚಿಂತೆ ಹತ್ತಿತು. ಇವನು ದಿವಾಳಿಯಾದರೆ ಅಷ್ಟೂ ನೆಲ ಫ್ರಾನ್ಸ್ ಪಾಲಾಗುತ್ತದಲ್ವಾ! ಹಾಗಾಗಿ ಇವನು ಬೀಳದಂತೆ ನೋಡಿಕೊಳ್ಳುವುದೇ ಅವರಿಗೂ ಲಾಭವಾಯಿತು. ಜರ್ಮನಿಯ ಬಿಸ್ಮಾರ್ಕ್‌ಗೂ ಇಂಗ್ಲೆಂಡ್ ಅಥವಾ ಫ್ರಾನ್ಸ್‌ಗಿಂತ ಒಂದು ಪುಟ್ಟ ದೇಶದ ದೊರೆಯೇ ವಾಸಿ ಅನ್ನಿಸಿತು.

1884ರ ನವೆಂಬರ್‌ನಿಂದ 1885ರ ಫೆಬ್ರವರಿವರೆಗೆ ಆಫ್ರಿಕಾದ ವಿಚಾರ ಮಾತಾಡಲು ನಡೆದ ಬರ್ಲಿನ್ ಸಭೆಯಲ್ಲಿ 14 ದೇಶಗಳಿದ್ದವು. ಆಫ್ರಿಕಾದ ಒಬ್ಬರನ್ನೂ ಕರೆದಿರಲಿಲ್ಲ. ಅಲ್ಲೇ ಸ್ಕೇಲು ಇಟ್ಟು ಇಡೀ ಆಫ್ರಿಕಾದ ಗಡಿ ಎಳೆದರು ಎಂದು ಹೇಳುವುದುಂಟು, ಹಾಗೇನಿಲ್ಲ. ಹೆಚ್ಚಿನ ಗಡಿಗಳು ಮುಂದೆ ಇಬ್ಬಿಬ್ಬರು ಕೂತು ಮಾಡಿಕೊಂಡ ಒಪ್ಪಂದಗಳಿಂದ ಬಂದವು. ಸಭೆ ಮುಗಿಯುವ ಹೊತ್ತಿಗೆ ಲಿಯೋಪೋಲ್ಡ್‌ಗೆ ಮಾತ್ರ ಬೇಕಾದದ್ದು ಸಿಕ್ಕಿತ್ತು. ಬೆಲ್ಜಿಯಂನ ಸುಮಾರು 76 ಪಟ್ಟು, ನಮ್ಮ ಕರ್ನಾಟಕದ ಸುಮಾರು 12 ಪಟ್ಟು ದೊಡ್ಡ ನಾಡು. ಅದು ಬೆಲ್ಜಿಯಂ ದೇಶದ್ದಲ್ಲ, ಅವನ ಖಾಸಗಿ ಸೊತ್ತು. ಸಾಯುವವರೆಗೂ ಅವನು ಅಲ್ಲಿಗೆ ಕಾಲಿಡಲಿಲ್ಲ.

ಲಾಭ ತಕ್ಷಣ ಬರಲಿಲ್ಲ. ಆನೆ ದಂತ ಬಂತು, ಸಾಲವೂ ಬೆಳೆಯಿತು. ಯುರೋಪಿನಲ್ಲಿ ಹೂಡಲು ಜಾಗವಿಲ್ಲದ ಹಣವೇ ಸಾಮ್ರಾಜ್ಯಗಳನ್ನು ಹುಟ್ಟಿಸಿತು ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಹಾಬ್ಸನ್ 1902ರಲ್ಲಿ ವಾದಿಸಿದ. ದಕ್ಷಿಣ ಆಫ್ರಿಕಾದ ಗಣಿಗಳಿಗೆ ಆ ಮಾತು ಒಪ್ಪಬಹುದು. ಕಾಂಗೋದಲ್ಲಿ ತದ್ವಿರುದ್ಧ, ದೊರೆಯೇ ಸಾಲಕ್ಕೆ ಅಲೆಯುತ್ತಿದ್ದ. 1889–90ರಲ್ಲಿ ಬ್ರಸೆಲ್ಸ್‌ನಲ್ಲಿ ಗುಲಾಮಗಿರಿ ವಿರೋಧಿ ಸಮ್ಮೇಳನ ನಡೆದಾಗ, ಗುಲಾಮರ ವ್ಯಾಪಾರಿಗಳ ವಿರುದ್ಧ ಹೋರಾಡಲು ಹಣ ಬೇಕು ಎಂದು ಹೇಳಿ ಆಮದು ಸುಂಕ ಹಾಕಲು ಒಪ್ಪಿಗೆ ಪಡೆದ. ಮುಕ್ತ ವ್ಯಾಪಾರದ ಮಾತು ಅಲ್ಲಿಗೆ ಸಡಿಲವಾಯಿತು.

ಅವನನ್ನು ಉಳಿಸಿದ್ದು ಟಯರು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಸೈಕಲ್ ಟಯರಿಗೆ ಪೇಟೆಂಟ್ ಪಡೆದ, ರಬ್ಬರಿಗೆ ಬೇಡಿಕೆ ಏರಿತು. ಕಾಂಗೋ ಕಾಡಿನ ತುಂಬ ರಬ್ಬರ್ ಬಳ್ಳಿ. 1890ರ ದಶಕದ ಶುರುವಿನಲ್ಲಿ 'ಖಾಲಿ' ನೆಲದ ಹುಟ್ಟುವಳಿಯೆಲ್ಲ ಸರ್ಕಾರದ್ದು ಎಂಬ ಆಜ್ಞೆಗಳು ಬಂದವು. ಊರೂರಿಗೂ ಇಷ್ಟಿಷ್ಟು ರಬ್ಬರ್ ಎಂದು ಗೊತ್ತುಮಾಡಿದರು. ಗಂಡಸರು ಕಾಡಿಗೆ ಹೋಗಲಿ ಎಂದು ಹೆಂಗಸರನ್ನು ಒತ್ತೆಯಾಗಿ ಕೂಡಿಹಾಕಿದರು. ಗುಂಡು ವ್ಯರ್ಥವಾಗಿಲ್ಲ ಎನ್ನಲು, ಖರ್ಚಾದ ಪ್ರತಿ ಗುಂಡಿಗೂ ಸೈನಿಕರು ಒಂದು ಕತ್ತರಿಸಿದ ಕೈ ತೋರಿಸಬೇಕಿತ್ತು. ಗುಲಾಮಗಿರಿ ತಡೆಯಲು ಹುಟ್ಟಿದ ರಾಜ್ಯ ಅದು.

ಇದನ್ನು ಪತ್ತೆ ಮಾಡಿದವರಲ್ಲಿ ಒಬ್ಬ ಹಡಗು ಕಂಪನಿಯ ಗುಮಾಸ್ತ, ಇ. ಡಿ. ಮೊರೆಲ್. ಕಾಂಗೋದಿಂದ ಬೆಲ್ಜಿಯಂನ ಆಂಟ್ವರ್ಪ್ ಬಂದರಿಗೆ ರಬ್ಬರ್, ದಂತ ತುಂಬಿಕೊಂಡು ಬರುವ ಹಡಗುಗಳು ವಾಪಸು ಹೋಗುವಾಗ ಹೆಚ್ಚಾಗಿ ಒಯ್ಯುತ್ತಿದ್ದದ್ದು ಬಂದೂಕು, ಮದ್ದುಗುಂಡು. ವ್ಯಾಪಾರ ಎಂದ ಮೇಲೆ ಕೊಟ್ಟು ತೆಗೆದುಕೊಳ್ಳಬೇಕಲ್ಲ, ಕೊಡುವುದು ಎಲ್ಲಿದೆ ಎಂದು ಅವನು ಲೆಕ್ಕದ ಪುಸ್ತಕದಿಂದಲೇ ಕೇಳಿದ. 1904ರಲ್ಲಿ ಕಾಂಗೋದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ (ಕಾನ್ಸಲ್) ರೋಜರ್ ಕೇಸ್‌ಮೆಂಟ್‌ನ ವರದಿ ಹೊರಬಂತು. ಮಿಷನರಿಗಳು ತೆಗೆದ ಫೋಟೋಗಳು ಊರೂರು ಸುತ್ತಿದವು. ದೊರೆಗೆ ಬೆಂಬಲ ಗಿಟ್ಟಿಸಿಕೊಟ್ಟ ಅದೇ ಕನಿಕರ ಈಗ ಅವನ ಮೇಲೆ ತಿರುಗಿತು.

1908ರಲ್ಲಿ ಬೆಲ್ಜಿಯಂ ಸರ್ಕಾರ ಕಾಂಗೋವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಸಾಲವನ್ನೂ ಹೊತ್ತುಕೊಂಡಿತು. ಕಾಂಗೋಗಾಗಿ ಮಾಡಿದ ತ್ಯಾಗಕ್ಕೆ ಕೃತಜ್ಞತೆ ಎಂದು ದೊರೆಗೆ 5 ಕೋಟಿ ಫ್ರಾಂಕ್ ಗೊತ್ತುಮಾಡಿತು. ಆ ಹಣವನ್ನು ಹೊಂದಿಸಬೇಕಾದದ್ದು ಕಾಂಗೋದಿಂದಲೇ.